ಕ್ಲೈಮೇಟ್ ಸ್ಮಾರ್ಟ್ ಕೃಷಿ: ಹೊಸ ವಿಜ್ಞಾನಿಗಳಿಗೆ ಐದು ದಿನದಲ್ಲಿ ಏನು ಕಲಿಸಬೇಕು?

ಕೆಂಪುನೆಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಕ್ಷಿಣ ಒಳನಾಡಿನ ಒಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಬೇಸಾಯ ಶಾಸ್ತ್ರ ನೋಡಿಕೊಳ್ಳುತ್ತೇನೆ. ಈಚೆಗೆ ಕೆಲಸಕ್ಕೆ ಸೇರಿದ ಇಪ್ಪತ್ತೈದು ವಿಜ್ಞಾನಿಗಳಿಗೆ ಐದು ದಿನದ ತರಬೇತಿ ಆಗಬೇಕು, ಅದರ ವೇಳಾಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹವಾಮಾನ ಏರುಪೇರಿಗೆ ಒಗ್ಗುವ ಬೇಸಾಯವನ್ನು ರೈತರಿಗೆ ಮುಟ್ಟಿಸೋದು ಹೇಗೆ ಅನ್ನೋದು ವಿಷಯ.

ಮೇಲಿನಿಂದ ಒಂದು ಮಾದರಿ ಪಟ್ಟಿ ಬಂದಿದೆ. ಮೊದಲ ದಿನ ಉದ್ಘಾಟನೆ, ಆಮೇಲೆ ಭೂಮಿಯ ತಾಪಮಾನ, ಹಸಿರುಮನೆ ಅನಿಲ. ಎರಡನೇ ದಿನ ಬೆಳೆ ಮಾದರಿ ಸಾಫ್ಟ್‌ವೇರ್. ಮೂರನೇ ದಿನ ತಳಿಗಳು. ನಾಲ್ಕನೇ ದಿನ ಕ್ಷೇತ್ರ ಭೇಟಿ, ಅಂದರೆ ಬಸ್ಸಲ್ಲಿ ಹೋಗಿ ಒಂದು ಕೃಷಿ ಹೊಂಡದ ಮುಂದೆ ಫೋಟೋ ತೆಗೆಸಿಕೊಂಡು ಬರೋದು. ಐದನೇ ದಿನ ಸರ್ಟಿಫಿಕೇಟ್. ಬರುವವರೆಲ್ಲ ಪಿಎಚ್‌ಡಿ ಮಾಡಿದವರು, ತಾಪಮಾನದ ಪಾಠ ಅವರಿಗೆ ನಾನು ಹೇಳಬೇಕಾಗಿಲ್ಲ ಅಲ್ವಾ. ಆದರೆ ಜುಲೈ ಮುಗಿಯುವ ಹೊತ್ತಿಗೆ ಒಬ್ಬ ರೈತ ಫೋನ್ ಮಾಡಿ ‘ಇನ್ನೂ ಬಿತ್ತಿಲ್ಲ, ಏನು ಹಾಕಲಿ’ ಎಂದು ಕೇಳಿದರೆ ಅರ್ಧಕ್ಕರ್ಧ ಜನ ಪುಸ್ತಕ ಹುಡುಕುತ್ತಾರೆ. ನಾನು ಸೇರಿದ ಹೊಸದರಲ್ಲಿ ಹಾಗೇ ಇದ್ದೆ, ನನಗೂ ಯಾರೂ ಇದನ್ನು ಕಲಿಸಿರಲಿಲ್ಲ.

ಮೂರು ವಿಷಯಕ್ಕೆ ನಿಮ್ಮ ಅಭಿಪ್ರಾಯ ಬೇಕು. ಐದು ದಿನದಲ್ಲಿ ಹಳ್ಳಿಗೆ ಎಷ್ಟು ಹೊತ್ತು ಕೊಡಬೇಕು? ರೈತರನ್ನೇ ಪಾಠ ಮಾಡೋಕೆ ಕರೆದರೆ ಕೆಲಸಕ್ಕೆ ಬರುತ್ತಾ, ಸುಮ್ನೆ ಶಾಲು ಹೊದಿಸಿ ಕಳಿಸೋ ಹಾಗೆ ಆಗುತ್ತಾ? ಮೀಥೇನ್, ಇಂಗಾಲ ಇವನ್ನೆಲ್ಲ ರೈತರ ಮುಂದೆ ಎತ್ತಬೇಕಾ? ಇಂಥ ತರಬೇತಿಗೆ ಹೋಗಿ ಬಂದವರು, ನಡೆಸಿದವರು, ಅದರಿಂದ ತೊಂದರೆ ಪಟ್ಟವರು, ಎಲ್ಲರೂ ಬರೆಯಿರಿ.

---

ನಿವೃತ್ತ ಮೇಷ್ಟ್ರು ಬರೆದದ್ದು:

ಕೆಂಪುನೆಲ ಅವರೇ, ವಿಸ್ತರಣಾ ಶಿಕ್ಷಣ ಹೇಳಿಕೊಡುತ್ತಲೇ ನಾನು ನಿವೃತ್ತನಾದವನು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿಸಿ ಓದಿ.

ಹಳ್ಳಿಯಲ್ಲಿ ಉಳಿಯುವ ತರಬೇತಿ ನಮಗೆ ಹೊಸದೇನಲ್ಲ. ಬಿಎಸ್ಸಿ ಕೃಷಿ ಕೊನೆಯ ವರ್ಷದ ಮಕ್ಕಳು ಗ್ರಾಮೀಣ ಕಾರ್ಯಾನುಭವ ಎಂದು ಹಳ್ಳಿಯಲ್ಲಿ ಇರುತ್ತಾರೆ. ಐಸಿಎಆರ್‌ಗೆ, ಅಂದರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಆಯ್ಕೆಯಾದ ವಿಜ್ಞಾನಿಗಳಿಗೆ ಹೈದರಾಬಾದಿನ ನಾರ್ಮ್ ಸಂಸ್ಥೆಯಲ್ಲಿ ಬುನಾದಿ ತರಬೇತಿ ನಡೆಯುತ್ತದೆ. ಅದರಲ್ಲೂ ತಂಡ ಕಟ್ಟಿ ಹಳ್ಳಿಗೆ ಕಳಿಸುವ ಭಾಗ ಇದೆ. ಅಂದರೆ ವ್ಯವಸ್ಥೆ ಉಂಟು. ಒಳಗೆ ನಡೆಯುವುದೇನು ಎಂಬುದು ಬೇರೆ ಮಾತು. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸುತ್ತಾರೆ. ಕೆರೆಗೆ ನೀಲಿ, ಹೊಲಕ್ಕೆ ಹಸಿರು. ನಾಲ್ಕು ಜನ ಹಿರಿಯರು ಸುತ್ತ ಕೂತಿರುತ್ತಾರೆ. ಸಂಪನ್ಮೂಲ ನಕ್ಷೆ ಆಯಿತು, ಸಾಮಾಜಿಕ ನಕ್ಷೆ ಆಯಿತು, ವರದಿಗೆ ಫೋಟೋ ಆಯಿತು. ಮರುವರ್ಷ ಇನ್ನೊಂದು ತಂಡ ಬಂದು ಅದೇ ಜಗಲಿ ಮುಂದೆ ಅದೇ ನಕ್ಷೆ ಬರೆಸುತ್ತದೆ. ಒಂದೂರಲ್ಲಿ ಒಬ್ಬ ಅಜ್ಜ ‘ಹೋದ ಸಲದ್ದನ್ನೇ ಅಳಿಸದೆ ಬಿಟ್ಟಿದ್ದರೆ ಪುಡಿ ಉಳಿತಿತ್ತಲ್ಲಪ್ಪ’ ಅಂದಿದ್ದರು.

ನನ್ನ ಸಲಹೆ, ಊರಿನ ನಕ್ಷೆ ಬಿಡಿ. ಇಬ್ಬಿಬ್ಬರನ್ನು ಒಂದೊಂದು ಮನೆಗೆ ಹಾಕಿ. ಆ ಮನೆಯ ಒಂದು ವರ್ಷದ ಲೆಕ್ಕ ಮಳೆ ನಕ್ಷತ್ರದ ಪ್ರಕಾರ ಬರೆಸಿ. ಭರಣಿಯಲ್ಲಿ ಏನು ಮಾಡುತ್ತಾರೆ, ರೋಹಿಣಿಯಲ್ಲಿ ಏನು, ಆರಿದ್ರಾ ಕೈಕೊಟ್ಟರೆ ಏನು, ಪುಷ್ಯದ ತನಕ ಬಿತ್ತನೆ ಆಗದಿದ್ದರೆ ಏನು. ಪ್ರತಿಯೊಂದರ ಮುಂದೆ ಬೀಜ ಎಲ್ಲಿಂದ, ದುಡ್ಡು ಯಾರಿಂದ, ಟ್ರ್ಯಾಕ್ಟರ್ ಯಾರದು, ಕೂಲಿಗೆ ಯಾರು ಬರುತ್ತಾರೆ. ಇಷ್ಟು ಬರೆಯುವ ಹೊತ್ತಿಗೆ ಒಬ್ಬ ವಿಜ್ಞಾನಿಗೆ ತನ್ನ ಶಿಫಾರಸು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಆರಿದ್ರಾ ಎಂದರೆ ಜೂನ್ 22ರ ಆಸುಪಾಸಿನಿಂದ ಜುಲೈ ಮೊದಲ ವಾರದವರೆಗೆ ಎಂದು ಗೊತ್ತಿಲ್ಲದ ಕೃಷಿ ಪದವೀಧರರು ಈಗ ಜಾಸ್ತಿ ಆಗಿದ್ದಾರೆ. ಬೈಯ್ಯುತ್ತಿಲ್ಲ, ಅವರಿಗೆ ಹೇಳಿದವರಿಲ್ಲ.

ಇನ್ನೊಂದು. 2011ರಲ್ಲಿ ನಿಕ್ರಾ, ಅಂದರೆ ಹವಾಮಾನ ಏರುಪೇರಿಗೆ ಒಗ್ಗುವ ಕೃಷಿಯ ರಾಷ್ಟ್ರೀಯ ಯೋಜನೆ ಶುರುವಾದಾಗ ದೇಶದಲ್ಲಿ ನೂರು ಜಿಲ್ಲೆಗಳ ಕೆವಿಕೆಗಳಿಗೆ (ಕೃಷಿ ವಿಜ್ಞಾನ ಕೇಂದ್ರಗಳಿಗೆ) ಒಂದೊಂದು ಹಳ್ಳಿ ಹಿಡಿದು ಕೆಲಸ ಮಾಡಿ ಎಂದು ಹೇಳಿದ್ದರು. ನಮ್ಮಲ್ಲಿ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿ ಅಂಥದ್ದೊಂದು, ಹಿರೇಹಳ್ಳಿ ಕೆವಿಕೆ ನೋಡಿಕೊಂಡದ್ದು. ಹೊಂಡ, ತಳಿ ಎಲ್ಲ ಇದ್ದದ್ದೇ. ಆ ಯೋಜನೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಊರವರದೇ ಸಮಿತಿ, ಬಾಡಿಗೆಗೆ ಯಂತ್ರ ಕೊಡುವ ಕೇಂದ್ರ, ಊರಲ್ಲೇ ಬೀಜ ಮತ್ತು ಮೇವು ಕೂಡಿಡುವ ಏರ್ಪಾಡು. ಇವುಗಳ ಬಗ್ಗೆ ಯಾವ ತರಬೇತಿಯಲ್ಲೂ ಅರ್ಧ ಗಂಟೆಗಿಂತ ಹೆಚ್ಚು ಮಾತಾಡಿದ್ದು ನಾನು ಕೇಳಿಲ್ಲ. ನೀವು ಅರ್ಧ ದಿನ ಕೊಡಿ.

---

ಅಕ್ಕಡಿಸಾಲು ಬರೆದದ್ದು:

ಮೇಡಮ್ಮೋ ಸಾರೋ ಗೊತ್ತಿಲ್ಲ, ನಮಸ್ಕಾರ. ನಾನು ಮಧುಗಿರಿ ಕಡೆಯವನು. ಮೂರೂವರೆ ಎಕರೆ ಖುಷ್ಕಿ, ಎರಡು ಸೀಮೆಹಸು, ಡೇರಿಗೆ ಹಾಲು ಹಾಕುತ್ತೇನೆ. ರೈತರನ್ನ ಕರೆಯೋದಾ ಬೇಡವಾ ಎಂದು ಕೇಳಿದ್ದೀರಿ. ಕರೆಯಿರಿ, ಆದರೆ ಪ್ರಶಸ್ತಿ ಬಂದವರನ್ನೇ ಕರೀಬೇಡಿ. ಅವರು ಮಾತು ಕಲಿತಿರುತ್ತಾರೆ, ನಿಮಗೆ ಬೇಕಾದ್ದನ್ನೇ ಹೇಳುತ್ತಾರೆ. ನಿಮ್ಮ ಮಾತು ಕೇಳಿ ಮಾಡಿ ಒಂದೇ ವರ್ಷಕ್ಕೆ ಬಿಟ್ಟವನು ಊರಿಗೊಬ್ಬ ಇರುತ್ತಾನೆ, ಅವನನ್ನು ಕರೆದು ಯಾಕೆ ಬಿಟ್ಟೆ ಅಂತ ಕೇಳಿ.

ನಮ್ಮೂರಲ್ಲಿ ನಡೆದದ್ದು ಹೇಳುತ್ತೇನೆ. ಮಳೆ ತಡವಾಗುತ್ತೆ, ಅಲ್ಪಾವಧಿ ರಾಗಿ ಹಾಕಿ ಎಂದು ಪ್ರಾತ್ಯಕ್ಷಿಕೆ ಮಾಡಿದರು. ಜಿಪಿಯು-48, ನೂರು ದಿನದೊಳಗೆ ಕೊಯ್ಲು. ರಾಗಿ ಚೆನ್ನಾಗೇ ಬಂತು. ಕ್ಷೇತ್ರೋತ್ಸವದ ದಿನ ಶಾಮಿಯಾನ ಹಾಕಿ, ಮೈಕ್ ಹಿಡಿದು, ಎಕರೆಗೆ ಇಷ್ಟು ಕ್ವಿಂಟಲ್ ಎಂದು ಚಪ್ಪಾಳೆ ಹೊಡೆಸಿದರು. ಹಿಂದೆ ಕೂತಿದ್ದ ನಮ್ಮ ಅತ್ತಿಗೆ ಎದ್ದು ಒಂದೇ ಪ್ರಶ್ನೆ ಕೇಳಿದರು, ‘ಹುಲ್ಲೆಷ್ಟು ಬಂತು ಸ್ವಾಮಿ?’ ಯಾರೂ ತೂಕ ಹಾಕಿರಲಿಲ್ಲ. ಪೈರು ಗಿಡ್ಡ, ಮೆದೆ ನೋಡಿದರೆ ಗೊತ್ತಾಗುತ್ತಿತ್ತು, ನಾಲ್ಕು ತಿಂಗಳ ಎಂ.ಆರ್. ರಾಗಿಯ ಹುಲ್ಲಿನ ಮುಂದೆ ಅದು ಏನೇನೂ ಅಲ್ಲ. ರಾಗಿ ಅಂಗಡಿಯಲ್ಲಿ ಸಿಗುತ್ತೆ, ಪಡಿತರದಲ್ಲೂ ಬರುತ್ತೆ. ಬೇಸಿಗೆಯಲ್ಲಿ ಹುಲ್ಲು ಕೊಳ್ಳೋಕೆ ಹೋಗಿ ನೋಡಿ. ಬರ ಬಂದ ವರ್ಷ ಮನೆ ನಡೆಸೋದು ಹಸು, ಹಸುವನ್ನು ಉಳಿಸೋದು ಹುಲ್ಲು. ಅದು ನಿಮ್ಮ ಲೆಕ್ಕದಲ್ಲೇ ಇಲ್ಲ ಅಂದರೆ ಎಂಥ ಸ್ಮಾರ್ಟು?

ಹಾಗಂತ ಆ ತಳಿ ಕೆಟ್ಟದ್ದು ಅನ್ನೋಲ್ಲ. ಆಗಸ್ಟ್ ನಡುವಿಗೂ ಬಿತ್ತನೆ ಆಗದಿದ್ದರೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ಆಗ ಬೀಜ ಸಿಗಬೇಕಲ್ಲ. ಜೂನಲ್ಲಿ ಸಬ್ಸಿಡಿ ಬೀಜ ತಂದಾಗ ಇದ್ದದ್ದು ಒಂದೋ ಎರಡೋ ತಳಿ, ಆಗಸ್ಟಲ್ಲಿ ಹೋಗಿ ಕೇಳಿದರೆ ದಾಸ್ತಾನು ಮುಗಿದಿದೆ ಅಂತಾರೆ. ಆದ್ದರಿಂದ ನಿಮ್ಮ ವಿಜ್ಞಾನಿಗಳಿಗೆ ಒಂದು ಅಭ್ಯಾಸ ಮಾಡಿಸಿ. ಯಾವ ತಳಿ ಹೇಳುತ್ತೀರೋ ಅದರ ಐದು ಕೆಜಿ ಬೀಜವನ್ನು ಆ ತಾಲ್ಲೂಕಲ್ಲಿ ಆ ವಾರವೇ ಹೋಗಿ ಕೊಂಡು ತನ್ನಿ ಅಂತ ಕಳಿಸಿ. ಬರಿಗೈಲಿ ಬಂದವರು ಆ ತಳಿಯ ಹೆಸರು ಹೇಳಬಾರದು.

ಅಕ್ಕಡಿ ಬಗ್ಗೆಯೂ ಒಂದು ಮಾತು. ರಾಗಿ ನಡುವೆ ತೊಗರಿ, ಅವರೆ, ಹುಚ್ಚೆಳ್ಳು, ಸಾಸಿವೆ ಹಾಕೋದು ನಮ್ಮ ತಾತನ ಕಾಲದಿಂದ ಇದೆ. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತೆ. ವಿಶ್ವವಿದ್ಯಾಲಯದವರು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಲೆಕ್ಕ ಕೊಟ್ಟಿದ್ದಾರೆ, ಒಳ್ಳೇದೇ. ಆದರೆ ಹೊಸಬರು ಬಂದು ಇದನ್ನೇ ಹೊಸ ತಂತ್ರಜ್ಞಾನ ಎಂದು ನಮಗೇ ಹೇಳಿಕೊಡುವಾಗ ಸ್ವಲ್ಪ ನಗು ಬರುತ್ತೆ. ಮೊದಲು ‘ನೀವು ಏನೇನು ಹಾಕುತ್ತೀರಿ’ ಎಂದು ಕೇಳಿದರೆ ಅವರ ಗಂಟೇನು ಹೋಗಲ್ಲ.

---

ಟಿಎಡಿಎ ಬರೆದದ್ದು:

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ. ಬರುವವರಿಗೆ ಬೇಕಿರೋದು ಬಡ್ತಿ ಫೈಲಿಗೆ ಸರ್ಟಿಫಿಕೇಟ್, ನಡೆಸುವವರಿಗೆ ಬೇಕಿರೋದು ಮಾರ್ಚ್ ಒಳಗೆ ಅನುದಾನ ಖರ್ಚು. ನಾನು ಹೋದ ಒಂದು ತರಬೇತಿ ಫೆಬ್ರವರಿಯಲ್ಲಿತ್ತು, ಮಳೆಯಾಶ್ರಿತ ಬೇಸಾಯದ ಬಗ್ಗೆ. ಹೊಲದಲ್ಲಿ ಕೂಳೆ ಬಿಟ್ಟರೆ ಏನೂ ಇರಲಿಲ್ಲ. ಊಟ ಮಾತ್ರ ಚೆನ್ನಾಗಿತ್ತು, ಹೋಳಿಗೆ.

---

ಕೂರಿಗೆ ಬರೆದದ್ದು:

ಟಿಎಡಿಎ ಅಣ್ಣ, ನೀವು ಹೇಳೋದು ನಿಜ. ಆದರೆ ಅನುದಾನ ಹೇಗೂ ಖರ್ಚಾಗುತ್ತೆ, ಆಗೋ ಖರ್ಚಲ್ಲಿ ಒಂದಿಷ್ಟು ಕೆಲಸ ಆಗಲಿ ಅನ್ನೋರನ್ನು ಯಾಕೆ ಕಾಲೆಳೀತೀರಿ.

ನಾನು ತುಂಗಭದ್ರಾ ಎಡದಂಡೆ ಭಾಗದಲ್ಲಿ ಭತ್ತದ ಮೇಲೆ ಕೆಲಸ ಮಾಡುತ್ತೇನೆ. ಮೀಥೇನ್ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನೀರು ನಿಲ್ಲಿಸಿ ಬೆಳೆದ ಭತ್ತದ ಗದ್ದೆಯ ಮಣ್ಣಿಗೆ ಗಾಳಿ ಆಡೋಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. ಒಣ ಮಣ್ಣಿಗೆ ಕೂರಿಗೆಯಲ್ಲಿ ನೇರ ಬಿತ್ತಿದರೆ ಅದು ಕಡಿಮೆ ಆಗುತ್ತೆ. ನಮ್ಮ ಕಾಲುವೆಯ ಕೊನೆ ಭಾಗದವರು ಕೂರಿಗೆ ಭತ್ತಕ್ಕೆ ಬಂದದ್ದು ಇದಕ್ಕಾ? ಅಲ್ಲವೇ ಅಲ್ಲ. ನೀರು ಅವರ ಹೊಲ ಮುಟ್ಟುವ ಹೊತ್ತಿಗೆ ತಡವಾಗಿರುತ್ತೆ. ಸಸಿಮಡಿ ಮಾಡಿಕೊಂಡು, ಕೆಸರು ಮಾಡಿ, ನಾಟಿಗೆ ಆಳು ಹುಡುಕಿ ಕೂತರೆ ಹಂಗಾಮೇ ಹೋಗುತ್ತೆ. ಮಳೆ ಹಸಿಗೆ ಬಿತ್ತಿಬಿಟ್ಟರೆ ಕಾಲುವೆ ನೀರು ಬರುವಷ್ಟರಲ್ಲಿ ಪೈರು ಎದ್ದಿರುತ್ತೆ, ನಾಟಿ ಖರ್ಚು ಉಳಿಯುತ್ತೆ. ಅವರಿಗೆ ಬೇಕಿದ್ದದ್ದು ಇಷ್ಟು. ಮೀಥೇನ್ ನಮ್ಮ ವರದಿಯ ಕಾಲಂ, ಅಲ್ಲೇ ಇರಲಿ. ಗೊತ್ತಿರೋದು ವಿಜ್ಞಾನಿಗೆ ಬೇಕು, ರೈತನ ಮುಂದೆ ಭಾಷಣ ಬೇಡ. ಕೇಳಿದವರಿಗೆ ಹೇಳಿ, ಬಚ್ಚಿಡೋದೇನಿಲ್ಲ.

ಆದರೆ ವಿಜ್ಞಾನಿಗೂ ಅರ್ಧ ಸತ್ಯ ಹೇಳಿಕೊಡಬಾರದು. ಗದ್ದೆ ಒಮ್ಮೆ ಒಣಗಿ ಒಮ್ಮೆ ನೆನೆದು ಆಗುವಾಗ, ಅದೂ ಯೂರಿಯಾ ಜಾಸ್ತಿ ಸುರಿದಿದ್ದರೆ, ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಹಸಿರುಮನೆ ಅನಿಲ ಹೆಚ್ಚಾಗಬಹುದು. ಒಂದು ಅನಿಲ ಇಳಿಸಿ ಇನ್ನೊಂದನ್ನು ಏರಿಸಿದ ಹಾಗಾಗುತ್ತೆ. ಆದ್ದರಿಂದ ಬಿತ್ತನೆ ವಿಧಾನದ ಜೊತೆ ಗೊಬ್ಬರದ ಪಾಠವೂ ಬೇಕು.

ಮತ್ತೆ ಕಳೆ. ನೀರು ನಿಂತ ಗದ್ದೆಯಲ್ಲಿ ಅರ್ಧ ಕಳೆಯನ್ನು ನೀರೇ ತಡೆಯುತ್ತೆ. ಕೂರಿಗೆ ಭತ್ತದಲ್ಲಿ ಪೈರು ಕಳೆ ಎರಡೂ ಒಟ್ಟಿಗೆ ಏಳುತ್ತವೆ. ಬಿತ್ತಿದ ಎರಡು ಮೂರು ದಿನದೊಳಗೆ, ಮಣ್ಣಲ್ಲಿ ಹಸಿ ಇರುವಾಗಲೇ ಪೆಂಡಿಮೆಥಾಲಿನ್ ಅನ್ನೋ ಕಳೆನಾಶಕ ಬೀಳಬೇಕು. ಒಂದು ವಾರ ಬಿಟ್ಟು ಹೊಡೆದರೆ ದುಡ್ಡು ದಂಡ. ಹೋದಲ್ಲೆಲ್ಲ ನೋಡಿದ್ದೇನೆ, ಮೊದಲ ವರ್ಷ ಸೋತವರಲ್ಲಿ ಹೆಚ್ಚಿನವರು ಕಳೆಗೇ ಸೋತವರು. ಆಮೇಲೆ ಎಳೆ ಪೈರು ಬಿಳಿಚಿಕೊಳ್ಳುತ್ತೆ, ಅದು ಕಬ್ಬಿಣದ ಕೊರತೆ, ರೈತರು ರೋಗ ಅಂದುಕೊಂಡು ಅಂಗಡಿಗೆ ಓಡುತ್ತಾರೆ, ಅಂಗಡಿಯವನು ಕೈಗೆ ಸಿಕ್ಕಿದ್ದು ಕೊಡುತ್ತಾನೆ. ಫೆರಸ್ ಸಲ್ಫೇಟ್ ಸಿಂಪಡಿಸಿದರೆ ಸರಿಹೋಗುವ ವಿಷಯ. ತರಬೇತಿಯಲ್ಲಿ ಲಾಭದ ಸ್ಲೈಡು ಹತ್ತು ಇದ್ದರೆ ಇಂಥ ಎಡವಟ್ಟಿನ ಸ್ಲೈಡು ಇಪ್ಪತ್ತು ಇರಲಿ. ನಿಮ್ಮ ಭಾಗಕ್ಕೆ ಭತ್ತ ಬೇಡ ಅಂದರೆ ಹೊಂಡವನ್ನೇ ತೆಗೆದುಕೊಳ್ಳಿ. ಕೆಂಪು ಮಣ್ಣಲ್ಲಿ ತಾಡಪಾಲು ಹಾಸದೆ ಹೊಂಡ ತೋಡಿದರೆ ನೀರು ನಿಲ್ಲಲ್ಲ, ಹಾಸಿದರೆ ಎರಡು ಮೂರು ವರ್ಷಕ್ಕೆ ಇಲಿ, ಬಿಸಿಲು ಎರಡೂ ಸೇರಿ ಹರಿದುಹಾಕುತ್ತವೆ. ಆಮೇಲೆ ಯಾರು ಬದಲಿಸಬೇಕು? ಇದಕ್ಕೆ ಉತ್ತರ ಇಟ್ಟುಕೊಂಡೇ ಹಳ್ಳಿಗೆ ಹೋಗಬೇಕು.

---

ಮಂಗಳವಾರ-ಶುಕ್ರವಾರ ಬರೆದದ್ದು:

ನನ್ನ ಹೆಸರು ನೋಡಿದರೆ ಗೊತ್ತಾಗುತ್ತೆ, ಕೃಷಿ ಹವಾಮಾನ ಸಲಹೆ ಬರೆಯೋ ಕೆಲಸ ಮಾಡುತ್ತಿದ್ದವಳು. ವಾರಕ್ಕೆ ಎರಡು ಸಲ ಬುಲೆಟಿನ್ ಹೋಗುತ್ತೆ, ಮಂಗಳವಾರ ಮತ್ತು ಶುಕ್ರವಾರ. ಕೆವಿಕೆಗಳಲ್ಲಿ ಇದ್ದ ಜಿಲ್ಲಾ ಹವಾಮಾನ ಘಟಕಗಳು, ದೇಶದಲ್ಲಿ 199, 2024ರ ಮಾರ್ಚಿಗೆ ನಿಂತವು. ಈಗ ಆ ಭಾರವೂ ನಿಮ್ಮಂಥವರ ಮೇಲೇ ಬೀಳುತ್ತಿದೆ. ಆದ್ದರಿಂದ ಮುನ್ಸೂಚನೆ ಓದೋದನ್ನು ಎಲ್ಲ ವಿಷಯದ ವಿಜ್ಞಾನಿಗಳೂ ಕಲಿಯಬೇಕು, ಕೀಟಶಾಸ್ತ್ರದವರು, ಗೃಹ ವಿಜ್ಞಾನದವರೂ ಸೇರಿ.

ನನ್ನ ಕಡೆಯಿಂದ ಒಂದು ಆಟ. ನಿಮ್ಮ ಹೋಬಳಿಯ 2023ರ ದಿನವಹಿ ಮಳೆ ಲೆಕ್ಕ ತಗೊಳ್ಳಿ, ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆ. ಆ ವರ್ಷ ಜೂನ್ ರಾಜ್ಯದಲ್ಲಿ ಬಡಕಲು. ಜುಲೈ ಬಂತು, ಮಳೆ ಹಿಡಿಯಿತು, ಎಲ್ಲರಿಗೂ ಧೈರ್ಯ ಬಂತು, ಬಿತ್ತಿದರು. ಆಗಸ್ಟ್ ಪೂರ್ತಿ ಕೈಕೊಟ್ಟಿತು. 1901ರಿಂದ ಈಚೆಗೆ ದೇಶಕ್ಕೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಕೊನೆಗೆ 236ರಲ್ಲಿ 223 ತಾಲ್ಲೂಕು ಬರ ಎಂದು ಸರ್ಕಾರ ಘೋಷಿಸಿತು. ಈಗ ತರಬೇತಿಗೆ ಬಂದವರಿಗೆ ವರ್ಷ ಯಾವುದು ಅಂತ ಹೇಳಬೇಡಿ. ಜೂನ್ ಮೊದಲ ವಾರದ ಮಳೆ ತೋರಿಸಿ, ಏನು ಮಾಡುತ್ತೀರಿ ಕೇಳಿ. ಎರಡನೇ ವಾರ, ಮತ್ತೆ ಕೇಳಿ. ಹೀಗೆ ವಾರ ವಾರ ಮುಂದಕ್ಕೆ ಹೋಗಿ. ಪ್ರತಿ ತಂಡಕ್ಕೂ ಮೂರು ಎಕರೆ, ಇಂತಿಷ್ಟು ದುಡ್ಡು, ಎರಡು ಹಸು ಕೊಡಿ, ಕಾಗದದ ಮೇಲೆ. ಬಿತ್ತಿದರೆ ದುಡ್ಡು ಕಳೆಯಬೇಕು, ಮೇಲುಗೊಬ್ಬರ ಹಾಕಿದರೆ ಕಳೆಯಬೇಕು. ಆಗಸ್ಟ್ ಮೂರನೇ ವಾರಕ್ಕೆ ಬರುವಷ್ಟರಲ್ಲಿ ಕೋಣೆಯಲ್ಲಿ ಮಾತೇ ನಿಲ್ಲುತ್ತೆ. ಜುಲೈಯಲ್ಲಿ ಪೂರ್ತಿ ಗೊಬ್ಬರ ಸುರಿದ ತಂಡ ಯಾವುದು, ಅರ್ಧ ಉಳಿಸಿಕೊಂಡದ್ದು ಯಾವುದು, ಒಂದು ಎಕರೆಗೆ ಹುರುಳಿ ಅಂತ ಯೋಚನೆ ಮಾಡಿದ್ದು ಯಾವುದು, ಎಲ್ಲ ಬಯಲಿಗೆ ಬರುತ್ತೆ.

ಪ್ರತಿ ಜಿಲ್ಲೆಗೂ ಕ್ರಿಡಾದವರು, ಅಂದರೆ ಹೈದರಾಬಾದಿನ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆಯವರು ಮಾಡಿಸಿದ ಪರ್ಯಾಯ ಬೆಳೆ ಯೋಜನೆ ಇದೆ. ಮಳೆ ಎರಡು ವಾರ ತಡವಾದರೆ ಇದು, ನಾಲ್ಕು ವಾರ ಆದರೆ ಇದು, ಆರು ವಾರ ಆದರೆ ಇದು ಅಂತ. ಆಟದ ನಡುವೆ ಅದನ್ನು ಕೈಗೆ ಕೊಡಿ, ಮೊದಲೇ ಕೊಟ್ಟರೆ ನೋಡಿ ಬರೆಯುತ್ತಾರೆ. ಬೇಕಾದಾಗ ಹುಡುಕಿದರೇ ಅದರಲ್ಲಿ ಏನಿದೆ, ಏನಿಲ್ಲ ಅಂತ ಗೊತ್ತಾಗೋದು.

ಇನ್ನೊಂದು, ಮಳೆ ಸಾಧ್ಯತೆ ಹೇಳುವ ರೀತಿ. ‘ಸಾಧಾರಣ ಮಳೆ ಸಂಭವ’ ಎಂದು ಬರೆದರೆ ಅದು ಯಾರಿಗೂ ಉಪಯೋಗಕ್ಕೆ ಬರೋಲ್ಲ. ಮುಂದಿನ ಐದು ದಿನ ಬಿತ್ತನೆಗೆ ಬೇಕಾದ ಹದ ಬರುವ ಲಕ್ಷಣ ಕಡಿಮೆ, ಬೀಜೋಪಚಾರ ಮಾಡಿ ಇಟ್ಟುಕೊಳ್ಳಬೇಡಿ, ಔಷಧಿ ಹೊಡೆಯೋದಿದ್ದರೆ ನಾಳೆಯೇ ಹೊಡೆಯಿರಿ, ಈ ರೀತಿ ಕೆಲಸಕ್ಕೆ ಕಟ್ಟಿ ಹೇಳಬೇಕು. ತಪ್ಪಾದಾಗ ಬೈಸಿಕೊಳ್ಳಬೇಕು, ಅದೂ ಕೆಲಸದ ಭಾಗ. ಒಂದು ಗಂಟೆ ಬರೀ ಇದನ್ನೇ ಮಾಡಿಸಿ, ಒಂದು ಮುನ್ಸೂಚನೆ ಕೊಟ್ಟು ಒಂದು ನಿಮಿಷದ ವಾಟ್ಸಾಪ್ ಧ್ವನಿ ಸಂದೇಶ ಮಾಡಿ ಅಂತ ಹೇಳಿ. ಆಮೇಲೆ ಅದನ್ನು ಒಬ್ಬ ರೈತ ಮಹಿಳೆಗೆ ಕೇಳಿಸಿ, ಏನು ಅರ್ಥ ಆಯಿತು ಅಂತ ಕೇಳಿ.

---

ಎರೆಹೊಲ ಬರೆದದ್ದು:

ವಿಜಯಪುರ ಕಡೆಯಿಂದ ಎರಡೇ ಮಾತು. ಇಲ್ಲಿ ಹಿಂಗಾರಿಗೆ ಬಿಳಿಜೋಳ ಬೆಳೆಯೋಕೆ ಮುಂಗಾರಲ್ಲೇ ಹೊಲದಲ್ಲಿ ಚೌಕು ಮಡಿ ಮಾಡಿ ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸಬೇಕು. ಪ್ರಾದೇಶಿಕ ಸಂಶೋಧನಾ ಕೇಂದ್ರದವರು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದಾರೆ, ಇಳುವರಿ ಹೆಚ್ಚಾಗೋದೂ ನಿಜ. ಆದರೂ ಎಲ್ಲರೂ ಮಾಡಲ್ಲ. ಯಾಕೆ? ಜುಲೈಯಲ್ಲಿ ಮಾಡಿದ ಕೆಲಸಕ್ಕೆ ಫಲ ಬರೋದು ಫೆಬ್ರವರಿಗೆ. ಅಷ್ಟು ದಿನದ ಟ್ರ್ಯಾಕ್ಟರ್ ಬಾಡಿಗೆ ಕೈಯಿಂದ ಹೋಗಿರುತ್ತೆ, ಗೇಣಿಗೆ ಮಾಡೋನಿಗೆ ಮುಂದಿನ ವರ್ಷ ಆ ಹೊಲ ಸಿಗುತ್ತೋ ಇಲ್ಲವೋ. ಗೇಣಿದಾರರ ಬಗ್ಗೆ ನಿಮ್ಮ ವೇಳಾಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಹೊಲ ತಮ್ಮದಲ್ಲದವರಿಗೆ ಮಣ್ಣು ಸುಧಾರಿಸಿ ಎಂದು ಹೇಳೋದು ಹೇಗೆ ಎಂದು ನಿಮ್ಮ ವಿಜ್ಞಾನಿಗಳು ಯೋಚಿಸಲಿ.

---

ಕೆಂಪುನೆಲ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆಯಿಂದ ಇದನ್ನೇ ಓದುತ್ತಿದ್ದೇನೆ. ಅಕ್ಕಡಿಸಾಲು ಅವರ ಅತ್ತಿಗೆ ಕೇಳಿದ ಪ್ರಶ್ನೆಯನ್ನು ನಮ್ಮ ಮೀಟಿಂಗಲ್ಲಿ ಹೇಳಿದೆ. ಒಬ್ಬರು ‘ಹುಲ್ಲು ಬೇರೆ ವಿಭಾಗದ್ದು’ ಅಂದರು! ಅವರನ್ನೇ ಮೊದಲ ಸಾಲಲ್ಲಿ ಕೂರಿಸುತ್ತೇನೆ.

ಸದ್ಯಕ್ಕೆ ಹೀಗೆ ಮಾಡಿದ್ದೇನೆ. ತಾಪಮಾನದ ಪಾಠವನ್ನು ಪೂರ್ತಿ ತೆಗೆಯೋಕೆ ಬಿಡಲಿಲ್ಲ, ಉದ್ಘಾಟನೆ ದಿನ ಒಂದೂವರೆ ಗಂಟೆ ಇರುತ್ತೆ. ಅದೇ ದಿನ ಮಧ್ಯಾಹ್ನ ಮಳೆ ಆಟ. ಎರಡನೇ ಮತ್ತು ಮೂರನೇ ದಿನ ಹಳ್ಳಿ, ಇಬ್ಬಿಬ್ಬರು ಒಂದು ಮನೆಗೆ, ಅದರಲ್ಲಿ ಗೇಣಿಗೆ ಮಾಡುವವರ ಮನೆಗಳೂ ಇರಬೇಕು ಅಂತ ಹೇಳಿದ್ದೇನೆ. ನಾಲ್ಕನೇ ದಿನ ಬೀಜ ಹುಡುಕಾಟ, ಮತ್ತೆ ಬಿಟ್ಟವರ ಮಾತು. ಕೊನೇ ದಿನ ಎಡವಟ್ಟುಗಳ ಸ್ಲೈಡು, ಅದಕ್ಕೆ ಕೂರಿಗೆ ಅವರು ಬರಲೇಬೇಕು. ಸಾಫ್ಟ್‌ವೇರ್ ತೆಗೆದುಹಾಕಿದ್ದಕ್ಕೆ ಒಬ್ಬರು ಮುನಿಸಿಕೊಂಡಿದ್ದಾರೆ, ಅದು ನನಗಿರಲಿ.

ತಿಂಗಳ ವಿಷಯ ಮಾತ್ರ ಬಗೆಹರಿದಿಲ್ಲ. ದುಡ್ಡು ಜನವರಿಗೆ ಬರುತ್ತೆ, ಟಿಎಡಿಎ ಅವರು ಹೇಳಿದ ಹಾಗೆ ಮಾರ್ಚ್ ಒಳಗೆ ಮುಗಿಸಬೇಕು. ಹೊಲ ಖಾಲಿ ಇರುವಾಗ ಹಳ್ಳಿಗೆ ಕರೆದುಕೊಂಡು ಹೋಗಿ ಏನು ತೋರಿಸಲಿ?

---

ನಿವೃತ್ತ ಮೇಷ್ಟ್ರು ಬರೆದದ್ದು:

ಎರಡು ಕಂತು ಮಾಡಿ. ಮೂರು ದಿನ ಮಾರ್ಚ್ ಒಳಗೆ, ಒಳಾಂಗಣದ್ದೆಲ್ಲ ಮತ್ತು ಮನೆ ಲೆಕ್ಕ ಬರೆಯೋದು. ಆ ಸಮಯದಲ್ಲಿ ರೈತರಿಗೂ ಸ್ವಲ್ಪ ಬಿಡುವು, ಮಾತಾಡಲು ಸಿಗುತ್ತಾರೆ. ಉಳಿದ ಎರಡು ದಿನ ಆರಿದ್ರಾ ಹೊತ್ತಿಗೆ, ಅದೇ ಮನೆಗಳಿಗೆ. ಅದಕ್ಕೆ ಹೊಸ ಅನುದಾನ ಕೇಳಬೇಡಿ, ಸಿಗೋಲ್ಲ. ಆ ಹೊತ್ತಿಗೆ ನಿಮ್ಮ ಕೇಂದ್ರದ ಮುಂಗಾರಿನ ಪ್ರಾತ್ಯಕ್ಷಿಕೆಗಳು ಹೇಗೂ ನಡೆಯುತ್ತಿರುತ್ತವೆ, ಅದರ ಪ್ರವಾಸಕ್ಕೆ ಸೇರಿಸಿಬಿಡಿ. ಸರ್ಟಿಫಿಕೇಟನ್ನು ಎರಡನೇ ಕಂತು ಮುಗಿದ ಮೇಲೇ ಕೊಡಿ. ಇಲ್ಲದಿದ್ದರೆ ಇಪ್ಪತ್ತೈದರಲ್ಲಿ ಆರು ಜನ ಬರುತ್ತಾರೆ.

---

ಟಿಎಡಿಎ ಬರೆದದ್ದು:

ಮೇಷ್ಟ್ರೇ, ಇದು ಒಪ್ಪಿದೆ. ಎರಡನೇ ಕಂತಿಗೂ ಬಿಲ್ ಆಗುತ್ತಾ ಅನ್ನೋದು ಮೊದಲೇ ಬರೆಸಿಕೊಳ್ಳಿ, ಆಮೇಲೆ ಆಡಿಟ್‌ನವರು ಬರುತ್ತಾರೆ.

---

ಅಕ್ಕಡಿಸಾಲು ಬರೆದದ್ದು:

ನಮ್ಮೂರಿಗೆ ಬರೋದಾದರೆ ಬನ್ನಿ. ಆದರೆ ಹದ ಮಳೆ ಬಿದ್ದ ಮಾರನೇ ದಿನ ಯಾರೂ ಮನೇಲಿ ಸಿಗಲ್ಲ, ಹೊಲಕ್ಕೇ ಬರಬೇಕು, ಬಂದವರು ಒಂದು ಸಾಲಾದರೂ ಬಿತ್ತಬೇಕು. ಇಬ್ಬಿಬ್ಬರಿಗೆ ಮಲಗೋ ಜಾಗ ಹತ್ತು ಮನೇಲಿ ಆಗುತ್ತೆ, ಉಳಿದವರಿಗೆ ಪಕ್ಕದ ಹಟ್ಟೀಲಿ ಕೇಳಬೇಕು. ಅಡುಗೆಯನ್ನು ಸ್ತ್ರೀಶಕ್ತಿ ಸಂಘದವರಿಗೆ ವಹಿಸಿ, ಮುದ್ದೆ ಸಾರು ಮಾಡುತ್ತಾರೆ. ದುಡ್ಡು ಮಾತ್ರ ಅವತ್ತೇ ಕೊಡಿ. ಹೋದ ಸಲ ಯಾರೋ ಬಂದು ಉಂಡು ಹೋದ ಬಿಲ್ಲು ಇನ್ನೂ ಬಂದಿಲ್ಲ ಅಂತ ಅವರು ಕೋಪದಲ್ಲಿದ್ದಾರೆ. ಮತ್ತೆ ಬರುವಾಗ ಒಂದು ತಕ್ಕಡಿ ತನ್ನಿ, ಈ ಸಲ ಹುಲ್ಲನ್ನೂ ತೂಗೋಣ.